ಸುಂಕದವನ ಮುಂದೆ ಸುಖ-ದುಃಖ: ಬಯಲುಸೀಮೆಯ ಒಂದು ಮನೆಯ ತಿಂಗಳ ಲೆಕ್ಕ

'ಸುಂಕದವನ ಮುಂದೆ ಸುಖ-ದುಃಖ ಹೇಳಿಕೊಂಡಂತೆ' ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಹಿಂದಿನ ಕಾಲದ ಸುಂಕದವನು ಊರ ಬಾಗಿಲಿನ ಕಟ್ಟೆಯಲ್ಲಿ ಕುಳಿತಿರುತ್ತಿದ್ದ. ಹೇರು ಹೊತ್ತು ಬಂದವನು ಎಷ್ಟು ಕಷ್ಟ ಹೇಳಿಕೊಂಡರೂ ಆತ ಸುಂಕ ಬಿಡುತ್ತಿರಲಿಲ್ಲ. ಆದರೆ ಆತನ ಮುಖವಾದರೂ ಕಾಣುತ್ತಿತ್ತು, ಎಷ್ಟು ಕೊಟ್ಟೆವು ಎಂಬುದಾದರೂ ತಿಳಿಯುತ್ತಿತ್ತು. ಇಂದಿನ ಸುಂಕದವನಿಗೆ ಮುಖವೇ ಇಲ್ಲ. ಆತ ಸಾಬೂನಿನ ಹೊದಿಕೆಯೊಳಗೆ, ಮೊಬೈಲ್ ರೀಚಾರ್ಜಿನೊಳಗೆ, ಪೆಟ್ರೋಲ್ ಬಂಕಿನ ಪೈಪಿನೊಳಗೆ ಅಡಗಿ ಕುಳಿತಿದ್ದಾನೆ. ಆತನ ಮುಂದೆ ಸುಖ-ದುಃಖ ಹೇಳಿಕೊಳ್ಳುವ ಅವಕಾಶವೂ ಜನಸಾಮಾನ್ಯರಿಗೆ ಉಳಿದಿಲ್ಲ!

2017ರ ಜುಲೈ 1ರಂದು ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ 2025ರ ಸೆಪ್ಟೆಂಬರ್ 22ರಂದು ದೊಡ್ಡ ಬದಲಾವಣೆಯಾಯಿತು. ಶೇಕಡಾ 12 ಮತ್ತು 28ರ ಹಂತಗಳು ಹೋಗಿ, ಬಹುಪಾಲು ವಸ್ತುಗಳು ಶೇ. 5 ಅಥವಾ ಶೇ. 18ಕ್ಕೆ ಬಂದವು. ಅದೇ ದಿನ ನಂದಿನಿ ತುಪ್ಪದ ಬೆಲೆ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಇಳಿಯಿತು. ಗೃಹಿಣಿಯರು ಸಂತೋಷಪಟ್ಟರು. ಆದರೆ ನವೆಂಬರ್ ತಿಂಗಳಿನಲ್ಲಿ ಅದೇ ತುಪ್ಪದ ಬೆಲೆ 700 ರೂಪಾಯಿಗೆ ಏರಿತು. ತೆರಿಗೆ ಏರಿರಲಿಲ್ಲ, ಬೆಲೆ ಏರಿತ್ತು. ತೆರಿಗೆ ಇಳಿದ ಲಾಭ ಒಂದೂವರೆ ತಿಂಗಳು ಅಡುಗೆ ಮನೆಯಲ್ಲಿದ್ದು ಹೊರಟು ಹೋಯಿತು.

ಹಾಗಾದರೆ ಸಾಮಾನ್ಯ ಕುಟುಂಬದ ಮೇಲೆ ತೆರಿಗೆಯ ಹೊರೆ ನಿಜವಾಗಿ ಎಷ್ಟು? ಅದು ಇಳಿದಿದೆಯೇ? ಈ ಪ್ರಶ್ನೆಯನ್ನು ದೆಹಲಿಯ ಅಂಕಿಅಂಶಗಳಿಂದ ಅಲ್ಲ, ನಮ್ಮದೇ ರಾಜ್ಯದ ಒಂದು ಜಿಲ್ಲೆಯಿಂದ ನೋಡಲು ಇಲ್ಲಿ ಯತ್ನಿಸಿದ್ದೇವೆ.

ಯಾಕೆ ಚಿಕ್ಕಬಳ್ಳಾಪುರ?

ಕರಾವಳಿಯ ನಮ್ಮ ಮನೆಗಳಲ್ಲಿ ಗಲ್ಫಿನಿಂದಲೋ ಮುಂಬಯಿಯಿಂದಲೋ ಬರುವ ಹಣ ಬೆಲೆಯೇರಿಕೆಯ ಪೆಟ್ಟನ್ನು ಸ್ವಲ್ಪ ಮರೆಮಾಚುತ್ತದೆ. ಕೋಲಾರದಿಂದ ಬೇರ್ಪಟ್ಟು 2007ರಲ್ಲಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಯ ಬಹುಪಾಲು ಮನೆಗಳಿಗೆ ಆ ಆಸರೆಯಿಲ್ಲ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡು, ಚಿಂತಾಮಣಿಯಲ್ಲಿ ಟೊಮೆಟೊ ಮತ್ತು ಕಡಲೆಕಾಯಿ, ಚಿಕ್ಕಬಳ್ಳಾಪುರದಲ್ಲಿ ದ್ರಾಕ್ಷಿ ಮತ್ತು ಹೂವು, ಗೌರಿಬಿದನೂರಿನಲ್ಲಿ ಮೆಕ್ಕೆಜೋಳ ಮತ್ತು ಕಾರ್ಖಾನೆ ಕೂಲಿ, ಎಲ್ಲ ಕಡೆ ಹಸು ಮತ್ತು ಹಾಲಿನ ಡೇರಿ. ದಿನದ ದುಡಿಮೆ ದಿನದ ಖರ್ಚಿಗೆ ಎಂಬ ಬದುಕು. ತೆರಿಗೆಯ ಒಂದು ರೂಪಾಯಿ ಎತ್ತ ವಾಲಿದರೂ ಇಂಥ ಮನೆಗಳಲ್ಲಿ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಕಾರಣವೂ ಇದೆ. ನಮ್ಮ ನೇತ್ರಾವತಿಯ ಉಪನದಿಗಳ ಮೂಲದಿಂದ ನೀರನ್ನು ಎತ್ತಿ ಒಯ್ಯುವ ಎತ್ತಿನಹೊಳೆ ಯೋಜನೆ ಈ ಜಿಲ್ಲೆಯ ಹೆಸರಿನಲ್ಲೇ ಆರಂಭವಾಯಿತು. ಅವರ ತೆರಿಗೆ ಮತ್ತು ನಮ್ಮ ತೆರಿಗೆ ಒಂದೇ ಕೊಳವೆಯಲ್ಲಿ ಹರಿದಿದೆ. ಆ ಮಾತಿಗೆ ಮುಂದೆ ಬರುತ್ತೇವೆ.

'ನಾವು ತೆರಿಗೆ ಕಟ್ಟುವವರಲ್ಲ'

ಹಳ್ಳಿಯ ಕೂಲಿಕಾರರನ್ನು ಕೇಳಿದರೆ ಹೆಚ್ಚಿನವರು ಹೇಳುವ ಮಾತು ಇದು: 'ತೆರಿಗೆ ಕಟ್ಟೋರು ದೊಡ್ಡೋರು ಸ್ವಾಮಿ, ನಮಗೆಲ್ಲಿಂದ?' ಪೇಟೆಯ ಸುಶಿಕ್ಷಿತರೂ ಇದನ್ನೇ ನಂಬಿದ್ದಾರೆ. 'ನಮ್ಮ ತೆರಿಗೆ ಹಣದಲ್ಲಿ ಬಡವರಿಗೆ ಪುಕ್ಕಟೆ' ಎಂದು ಸಿಟ್ಟಾಗುವವರನ್ನು ನಾವು ದಿನನಿತ್ಯ ಕಾಣುತ್ತೇವೆ.

ಆದಾಯ ತೆರಿಗೆಯನ್ನು ಮಾತ್ರ ತೆರಿಗೆ ಎಂದುಕೊಂಡರೆ ಈ ಮಾತು ಸರಿ. 2025ರ ಕೇಂದ್ರ ಬಜೆಟ್ಟಿನ ನಂತರ ಹೊಸ ಪದ್ಧತಿಯಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ಅಂದರೆ ತಿಂಗಳಿಗೆ ಒಂದು ಲಕ್ಷ ಸಂಬಳ ಪಡೆಯುವವರೂ ಆದಾಯ ತೆರಿಗೆ ಕಟ್ಟಬೇಕಿಲ್ಲ. ಆದರೆ ಪರೋಕ್ಷ ತೆರಿಗೆಯಿಂದ ಯಾರಿಗೂ ವಿನಾಯಿತಿ ಇಲ್ಲ. 2024-25ರಲ್ಲಿ ದೇಶದಲ್ಲಿ ಸಂಗ್ರಹವಾದ ಒಟ್ಟು ಜಿಎಸ್‌ಟಿ 22 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕರ್ನಾಟಕ ಅದರಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನದಲ್ಲಿದೆ. ಈ ಹಣ ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಮಾತ್ರ ಬಂದದ್ದಲ್ಲ. ಶಿಡ್ಲಘಟ್ಟದ ಕಿರಾಣಿ ಅಂಗಡಿಯ ಎರಡು ರೂಪಾಯಿ ಶಾಂಪೂ ಚೀಟಿಯಿಂದಲೂ ಬಂದಿದೆ.

ತಿಂಗಳ ಲೆಕ್ಕ

ಒಂದು ಮನೆಯನ್ನು ಊಹಿಸಿಕೊಳ್ಳೋಣ. ಗಂಡ ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚುವ ಘಟಕದಲ್ಲಿ ಕೆಲಸಗಾರ, ಹೆಂಡತಿ ಎರಡು ಹಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಎಲ್ಲ ಸೇರಿ ತಿಂಗಳಿಗೆ 18,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದು ಲೆಕ್ಕಕ್ಕಾಗಿ ನಾವು ಕಟ್ಟಿದ ಮನೆ. ಓದುಗರು ತಮ್ಮ ಮನೆಯ ಅಂಕಿಗಳನ್ನು ಹಾಕಿ ನೋಡಬಹುದು.

ಮೊದಲು ಒಳ್ಳೆಯದನ್ನೇ ಹೇಳೋಣ. ಬಿಡಿಯಾಗಿ ಕೊಳ್ಳುವ ಅಕ್ಕಿ, ರಾಗಿ, ತರಕಾರಿ, ಪ್ಯಾಕೆಟ್ ಹಾಲು, ಇವುಗಳಿಗೆ ಜಿಎಸ್‌ಟಿ ಇಲ್ಲ. ಆದರೆ 2022ರ ಜುಲೈ 18ರಿಂದ 25 ಕಿಲೋವರೆಗಿನ ಚೀಟಿ ಅಂಟಿಸಿದ ಅಕ್ಕಿ-ಹಿಟ್ಟಿನ ಚೀಲಕ್ಕೂ, ಪ್ಯಾಕೆಟ್ ಮೊಸರು-ಮಜ್ಜಿಗೆಗೂ ಶೇ. 5 ತೆರಿಗೆ ಬಂತು. ಸಾಬೂನು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ ಮತ್ತು ಬಿಸ್ಕೆಟ್ 2025ರ ಸೆಪ್ಟೆಂಬರಿನಲ್ಲಿ ಶೇ. 18ರಿಂದ 5ಕ್ಕೆ ಇಳಿದವು. ಇವುಗಳಿಗೆ ತಿಂಗಳಿಗೆ 800 ರೂಪಾಯಿ ಖರ್ಚಾಗುತ್ತಿದ್ದ ಮನೆಯಲ್ಲಿ ಮೊದಲು ಸುಮಾರು 122 ರೂಪಾಯಿ ತೆರಿಗೆ ಇತ್ತು. ಈಗ ಅದು 34 ರೂಪಾಯಿ. ಔಷಧಿಗಳ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. 500 ರೂಪಾಯಿಯ ಔಷಧಿಯಲ್ಲಿ 54 ಇದ್ದದ್ದು 22 ಆಯಿತು. ಎರಡೂ ಸೇರಿ ತಿಂಗಳಿಗೆ ಸುಮಾರು 120 ರೂಪಾಯಿ ಉಳಿತಾಯ. ಮಕ್ಕಳ ನೋಟ್ ಪುಸ್ತಕ, ಪೆನ್ಸಿಲುಗಳಿಗೆ ತೆರಿಗೆಯೇ ಹೋಯಿತು. ವೈಯಕ್ತಿಕ ಜೀವವಿಮೆ, ಆರೋಗ್ಯ ವಿಮೆಯ ಕಂತಿಗೂ ತೆರಿಗೆ ಹೋಯಿತು. ಇದು ನಿಜವಾದ ಉಪಕಾರ, ಅಲ್ಲಗಳೆಯಬಾರದು.

ಇನ್ನು ಇಳಿಯದೆ ಉಳಿದವು. ಅಡುಗೆ ಎಣ್ಣೆ, ಗ್ಯಾಸ್ ಸಿಲಿಂಡರ್, ಸಕ್ಕರೆ, ಚಹಾಪುಡಿ, ಪ್ಯಾಕೆಟ್ ಬೇಳೆ ಮೊದಲಿನಂತೆ ಶೇ. 5ರಲ್ಲೇ ಇವೆ. ಇವೆಲ್ಲದರಲ್ಲಿ ತಿಂಗಳಿಗೆ ಸುಮಾರು 110 ರೂಪಾಯಿ ತೆರಿಗೆ ಎನ್ನೋಣ. ಮೈಗೆ ಹಚ್ಚುವ ಸಾಬೂನು ಇಳಿಯಿತು, ಬಟ್ಟೆ ಒಗೆಯುವ ಪುಡಿ ಶೇ. 18ರಲ್ಲೇ ಉಳಿಯಿತು. 200 ರೂಪಾಯಿಯ ಪುಡಿಯಲ್ಲಿ 30 ರೂಪಾಯಿ ತೆರಿಗೆ. ಮೊಬೈಲ್ ರೀಚಾರ್ಜಿನ ತೆರಿಗೆಯೂ ಶೇ. 18ರಲ್ಲೇ ಉಳಿಯಿತು. 300 ರೂಪಾಯಿಯ ರೀಚಾರ್ಜಿನಲ್ಲಿ 46 ರೂಪಾಯಿ ತೆರಿಗೆಯಿದೆ. ಎರಡು ಮೊಬೈಲಿಗೆ 92. ತಿಂಗಳಿಗೆ ಲಕ್ಷ ದುಡಿಯುವವನೂ ಅದೇ 46 ಕೊಡುತ್ತಾನೆ, ದಿನಕ್ಕೆ 600 ದುಡಿಯುವವನೂ ಅದೇ 46. ಒಬ್ಬನಿಗೆ ಅದು ಲೆಕ್ಕಕ್ಕೇ ಬಾರದು, ಇನ್ನೊಬ್ಬನಿಗೆ ಒಂದು ದಿನದ ತರಕಾರಿ!

ಕೊನೆಯದಾಗಿ ಟಿವಿಎಸ್ ಮೊಪೆಡ್. ಬಯಲುಸೀಮೆಯಲ್ಲಿ ಇದು ವಾಹನ ಮಾತ್ರವಲ್ಲ, ಬಡವರ ಲಾರಿ. ಹಾಲಿನ ಕ್ಯಾನು, ಗೂಡಿನ ಮೂಟೆ, ಹಿಪ್ಪುನೇರಳೆ ಸೊಪ್ಪು, ಹಸುವಿನ ಮೇವು ಎಲ್ಲ ಅದರ ಮೇಲೆಯೇ. ಪೆಟ್ರೋಲ್ ಮತ್ತು ಡೀಸೆಲ್ ಜಿಎಸ್‌ಟಿಯ ಹೊರಗಿವೆ. ಕೇಂದ್ರ ಅಬಕಾರಿ ಸುಂಕ ಹಾಕುತ್ತದೆ, ಅದರ ಮೇಲೆ ರಾಜ್ಯ ಮಾರಾಟ ತೆರಿಗೆ ಹಾಕುತ್ತದೆ. 2024ರ ಜೂನ್ 15ರಂದು ರಾಜ್ಯ ಸರಕಾರ ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ. 25.92ರಿಂದ 29.84ಕ್ಕೆ ಏರಿಸಿತು. 2025ರ ಏಪ್ರಿಲಿನಲ್ಲಿ ಡೀಸೆಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿತು. 2025ರಲ್ಲಿ ನೂರು ರೂಪಾಯಿ ದಾಟಿದ್ದ ಒಂದು ಲೀಟರ್ ಪೆಟ್ರೋಲಿನಲ್ಲಿ ಎರಡೂ ಸರಕಾರಗಳ ಪಾಲು 40 ರೂಪಾಯಿಗೂ ಮಿಗಿಲು. ತಿಂಗಳಿಗೆ ಹತ್ತು ಲೀಟರ್ ಹಾಕಿಸಿದರೆ 400 ರೂಪಾಯಿಗೂ ಹೆಚ್ಚು ತೆರಿಗೆ.

ಕೂಡಿ ನೋಡಿದರೆ ಸುಮಾರು 700 ರೂಪಾಯಿ. ತಿಂಗಳ ಆದಾಯದಲ್ಲಿ ನೂರಕ್ಕೆ ನಾಲ್ಕು. ಸಣ್ಣದೆನಿಸಬಹುದು. ಆದರೆ ವರ್ಷಕ್ಕೆ 8,400 ರೂಪಾಯಿ, ಅಂದರೆ ಆ ಮನೆಯ ಹದಿನಾಲ್ಕು ದಿನಗಳ ದುಡಿಮೆ! ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪೆಟ್ರೋಲ್ ಒಂದರಿಂದಲೇ. 2025ರ ದರ ಇಳಿಕೆ ಮುಟ್ಟದೆ ಬಿಟ್ಟದ್ದು ಇದೇ ದೊಡ್ಡ ಭಾಗವನ್ನು. ಆದಾಯ ತೆರಿಗೆ ಕಟ್ಟಬೇಕಿಲ್ಲದ ಲಕ್ಷ ಸಂಬಳದವರು ದುಡಿದದ್ದರಲ್ಲಿ ಒಂದಷ್ಟು ಉಳಿಸುತ್ತಾರೆ, ಉಳಿಸಿದ್ದಕ್ಕೆ ಜಿಎಸ್‌ಟಿ ಇಲ್ಲ. ಈ ಮನೆಯವರು ದುಡಿದದ್ದನ್ನೆಲ್ಲ ಖರ್ಚು ಮಾಡಲೇಬೇಕು. ಪರೋಕ್ಷ ತೆರಿಗೆ ಬಡವರ ಮೇಲೆ ಹೆಚ್ಚು ಭಾರ ಎನ್ನುವುದಕ್ಕೆ ಮೂಲ ಕಾರಣ ಇಷ್ಟೇ.

ಕಾಣದ ತೆರಿಗೆ

ಮೇಲಿನ ಲೆಕ್ಕ ಕಣ್ಣಿಗೆ ಕಾಣುವ ತೆರಿಗೆಯದ್ದು. ಕಾಣದ್ದು ಇನ್ನೂ ಇದೆ. ತರಕಾರಿಗೆ ಜಿಎಸ್‌ಟಿ ಇಲ್ಲ ನಿಜ. ಆದರೆ ಚಿಂತಾಮಣಿಯ ಮಾರುಕಟ್ಟೆಯಿಂದ ಹೊರಡುವ ಟೊಮೆಟೊ ಲಾರಿಯ ಡೀಸೆಲಿಗೆ ತೆರಿಗೆ ಇದೆ. ರೈತ ಸಿಂಪಡಿಸುವ ರಾಸಾಯನಿಕ ಕೀಟನಾಶಕಕ್ಕೆ ಶೇ. 18, ಗೊಬ್ಬರಕ್ಕೆ ಶೇ. 5. ಕಾರ್ಖಾನೆಯವನು ತಾನು ಕೊಳ್ಳುವ ಕಚ್ಚಾವಸ್ತುವಿನ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾನೆ. ರೈತನ ಬೆಳೆಗೆ ತೆರಿಗೆ ಇಲ್ಲದ್ದರಿಂದ ಕಳೆದುಕೊಳ್ಳಲು ಅವನಿಗೆ ಏನೂ ಇಲ್ಲ. ಆ ಹೊರೆ ಅವನ ಹೊಲದಲ್ಲೇ ಉಳಿಯುತ್ತದೆ, ಇಲ್ಲವೇ ಗ್ರಾಹಕರ ಚೀಲಕ್ಕೆ ಬರುತ್ತದೆ. 'ವಿನಾಯಿತಿ' ಎಂಬ ಪದದ ಹಿಂದೆ ಇಂಥ ಸೂಕ್ಷ್ಮವಿದೆ. ಹನಿ ನೀರಾವರಿ ಸಾಮಗ್ರಿ ಮತ್ತು ಟ್ರ್ಯಾಕ್ಟರಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿದದ್ದು ಈ ಜಿಲ್ಲೆಗೆ ಒಳ್ಳೆಯ ಸುದ್ದಿ ಎನ್ನುವುದು ಇದಕ್ಕಾಗಿಯೇ.

ಸಣ್ಣ ವ್ಯಾಪಾರಿಯ ಪಾಡೂ ಹೀಗೆಯೇ. 2025ರ ಜುಲೈಯಲ್ಲಿ ಯುಪಿಐ ಮೂಲಕ ಬಂದ ಹಣವನ್ನು ಲೆಕ್ಕ ಹಾಕಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತು. ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ಅದು ತಲುಪಿತು. ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಫಲಕಗಳು ಬಂದವು. ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲ ಎಂದ ಮೇಲೆ ಗಲಾಟೆ ತಣ್ಣಗಾಯಿತು. ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ಮೀರಿದ ಸರಕು ವ್ಯಾಪಾರಿ ನೋಂದಣಿ ಮಾಡಿಕೊಳ್ಳಬೇಕು ಎಂಬ ಕಾನೂನು ತಪ್ಪಲ್ಲ. ಆದರೆ ವಹಿವಾಟು ಬೇರೆ, ಲಾಭ ಬೇರೆ ಎಂಬುದನ್ನು ನೋಟಿಸಿಗೆ ಮೊದಲು ತಿಳಿಸಿ ಹೇಳಬೇಕಾದವರು ಯಾರು?

ಎಲ್ಲ ತೆರಿಗೆಯೂ ಶತ್ರುವಲ್ಲ

ಇಷ್ಟು ಹೇಳಿದ ಮೇಲೆ 'ತೆರಿಗೆಯೇ ಬೇಡ' ಎಂಬ ತೀರ್ಮಾನಕ್ಕೆ ಯಾರೂ ಬರಬಾರದು. ಶಿಡ್ಲಘಟ್ಟವೇ ಇದಕ್ಕೆ ಪಾಠ ಹೇಳುತ್ತದೆ. 2011ರ ಕೇಂದ್ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಲಾಯಿತು. ನೇಕಾರರಿಗೆ ಅಗ್ಗದ ನೂಲು ಸಿಗಲೆಂಬುದು ಅದರ ಉದ್ದೇಶ. ಆದರೆ ಚೀನಾದ ರೇಷ್ಮೆ ಒಳಬಂದು ಇಲ್ಲಿ ಗೂಡಿನ ಬೆಲೆ ಕುಸಿಯಿತು, ಬೆಳೆಗಾರರು ಕಂಗಾಲಾದರು. 2013ರಲ್ಲಿ ಸುಂಕವನ್ನು ಶೇ. 15ಕ್ಕೆ ಏರಿಸಬೇಕಾಯಿತು. ಮುಂದೆ ಶೇ. 10ಕ್ಕೆ ಇಳಿದಿದ್ದ ಅದನ್ನು 2021ರಲ್ಲಿ ಮತ್ತೆ 15ಕ್ಕೆ ತಂದರು. ಅಡುಗೆ ಎಣ್ಣೆಯದ್ದೂ ಇದೇ ಕತೆ. 2024ರ ಸೆಪ್ಟೆಂಬರಿನಲ್ಲಿ ಕಚ್ಚಾ ತಾಳೆ ಮತ್ತು ಸೂರ್ಯಕಾಂತಿ ಎಣ್ಣೆಗೆ ಶೇ. 20 ಮೂಲ ಆಮದು ಸುಂಕ ಹಾಕಿದರು, 2025ರ ಮೇ ಕೊನೆಯಲ್ಲಿ ಅದನ್ನು 10ಕ್ಕೆ ಇಳಿಸಿದರು. ಸುಂಕ ಏರಿದರೆ ಎಣ್ಣೆಕಾಳು ಬೆಳೆಯುವ ರೈತನಿಗೆ ಆಸರೆ, ಒಗ್ಗರಣೆ ಹಾಕುವ ಗೃಹಿಣಿಗೆ ಹೊರೆ. ಬಯಲುಸೀಮೆಯಲ್ಲಿ ಇಬ್ಬರೂ ಒಂದೇ ಮನೆಯಲ್ಲಿ ಇರುವುದುಂಟು!

ಹಾಗೆಯೇ ಎಲ್ಲ ಬೆಲೆಯೇರಿಕೆಯೂ ತೆರಿಗೆಯಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಏರಿದಾಗ ಪೇಟೆಯಲ್ಲಿ ಆಕ್ರೋಶ ಕೇಳಿಬಂತು. ಆದರೆ ಆ ಏರಿಕೆ ಹಾಲು ಹಾಕುವವರ ಹೆಸರಿನಲ್ಲಿ ಆದದ್ದು. ನಮ್ಮ ಲೆಕ್ಕದ ಮನೆಯಲ್ಲೂ ಎರಡು ಹಸುಗಳಿವೆ.

ಗೃಹಲಕ್ಷ್ಮಿಯ 2,000 ರೂಪಾಯಿ ಈ 700ಕ್ಕಿಂತ ಹೆಚ್ಚಲ್ಲವೇ ಎಂದು ಕೆಲವರು ಕೇಳಬಹುದು. ಸರಿಯಾದ ಪ್ರಶ್ನೆ. ಆ ಹಣ, ಹೆಂಗಸರ ಉಚಿತ ಬಸ್ಸು, 200 ಯೂನಿಟ್‌ವರೆಗಿನ ವಿದ್ಯುತ್, ಇವು ಅನೇಕ ಮನೆಗಳನ್ನು ಎತ್ತಿ ಹಿಡಿದಿವೆ ಎಂಬುದನ್ನು ನಾವು ಒಪ್ಪುತ್ತೇವೆ. ಆದರೆ ಕಂತುಗಳು ತಿಂಗಳುಗಟ್ಟಲೆ ತಡವಾದದ್ದೂ ಇದೆ. ತೆರಿಗೆ ಮಾತ್ರ ಒಂದು ದಿನವೂ ತಡವಾಗುವುದಿಲ್ಲ. ಒಂದು ಕೈಯಲ್ಲಿ ಕೊಟ್ಟ ಸರಕಾರ ಇನ್ನೊಂದು ಕೈಯಲ್ಲಿ ಪಡೆದದ್ದೂ ಇದೆ: 2025ರ ಜನವರಿಯಲ್ಲಿ ಬಸ್ ದರ ಶೇ. 15 ಏರಿತು, ಆಗಸ್ಟ್ 31ರಿಂದ ಆಸ್ತಿ ನೋಂದಣಿ ಶುಲ್ಕ ಶೇ. 1ರಿಂದ 2 ಆಯಿತು. ಹತ್ತು ಲಕ್ಷ ರೂಪಾಯಿಯ ನಿವೇಶನ ಕೊಳ್ಳುವ ಕುಟುಂಬಕ್ಕೆ ಅಷ್ಟರಿಂದಲೇ ಹತ್ತು ಸಾವಿರ ಹೆಚ್ಚು.

ಕೊಟ್ಟದ್ದಕ್ಕೆ ಸಿಕ್ಕಿದ್ದೇನು?

ನಮ್ಮ ಅಭಿಪ್ರಾಯದಲ್ಲಿ ತೆರಿಗೆಯ ನಿಜವಾದ ತೂಕ ಶೇಕಡಾವಾರು ಲೆಕ್ಕದಲ್ಲಿಲ್ಲ. ಕೊಟ್ಟ ಮೇಲೆ ಏನು ಸಿಕ್ಕಿತು ಎಂಬುದರಲ್ಲಿದೆ.

ಚಿಕ್ಕಬಳ್ಳಾಪುರದ ಸೀಮೆಯಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿ ನದಿಗಳು ಹುಟ್ಟುತ್ತವೆ. ಆದರೆ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದ ಮೇಲೂ ಸಿಗುವುದು ಅನೇಕ ಕಡೆ ಫ್ಲೋರೈಡ್ ನೀರು. ಹೀಗಾಗಿ ತೆರಿಗೆ ಕಟ್ಟಿದ ಮೇಲೂ ಟ್ಯಾಂಕರ್ ನೀರಿಗೆ ಹಣ, ಕುಡಿಯುವ ನೀರಿನ ಕ್ಯಾನಿಗೆ ಹಣ. ಸರಕಾರಿ ಶಾಲೆಯಲ್ಲಿ ಮೇಷ್ಟ್ರಿಲ್ಲದಿದ್ದರೆ ಖಾಸಗಿ ಶಾಲೆಗೆ ಹಣ, ಆಸ್ಪತ್ರೆಯಲ್ಲಿ ವೈದ್ಯರಿಲ್ಲದಿದ್ದರೆ ನರ್ಸಿಂಗ್ ಹೋಮಿಗೆ ಹಣ. ಇದು ಯಾವ ಬಜೆಟ್ಟಿನಲ್ಲೂ ಬರೆಯದ ಎರಡನೆಯ ತೆರಿಗೆ.

ಈಗ ಎತ್ತಿನಹೊಳೆಗೆ ಬರೋಣ. 2012ರಲ್ಲಿ 8,323 ಕೋಟಿ ರೂಪಾಯಿಯ ಯೋಜನೆ ಎಂದು ಹೇಳಲಾದದ್ದು 2014ರಲ್ಲಿ 12,912 ಕೋಟಿ ಆಯಿತು, 2023ರಲ್ಲಿ 23,251 ಕೋಟಿ ಆಯಿತು. 2024ರ ಸೆಪ್ಟೆಂಬರ್ 6ರಂದು ಸಕಲೇಶಪುರದಲ್ಲಿ ಮೊದಲ ಹಂತದ ಉದ್ಘಾಟನೆಯಾದಾಗಲೂ ಚಿಕ್ಕಬಳ್ಳಾಪುರಕ್ಕೆ ನೀರು ಬಂದಿರಲಿಲ್ಲ. ನಾವು ಕರಾವಳಿಯವರು ನಮ್ಮ ನದಿಗಾಗಿ, ಘಟ್ಟದ ಕಾಡಿಗಾಗಿ ಪ್ರತಿಭಟಿಸಿದೆವು. ಅವರು ಕುಡಿಯುವ ನೀರಿಗಾಗಿ ಪ್ರತಿಭಟಿಸಿದರು. ನಮ್ಮನ್ನೂ ಅವರನ್ನೂ ಎದುರಾಳಿಗಳೆಂಬಂತೆ ಬಿಂಬಿಸಲಾಯಿತು. ಆದರೆ ಬಿಲ್ಲು ಕಟ್ಟಿದ್ದು ಇಬ್ಬರೂ! ಈ ನಡುವೆ ಅವರ ಕೆರೆಗಳಿಗೆ ಬಂದದ್ದು ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು. ಅದನ್ನು ಮೂರನೆಯ ಹಂತದವರೆಗೂ ಶುದ್ಧೀಕರಿಸಿ ಕೊಡಿ ಎಂದು ಅಲ್ಲಿಯ ರೈತರು ವರ್ಷಗಟ್ಟಲೆ ಕೇಳುತ್ತ ಬಂದರು.

ನಾವು ಕೇಳಬೇಕಾದದ್ದು

ಮೊದಲನೆಯದಾಗಿ, ಇಂಧನದ ತೆರಿಗೆ. ಪೆಟ್ರೋಲ್, ಡೀಸೆಲನ್ನು ಜಿಎಸ್‌ಟಿಗೆ ತರಲು ಸಂವಿಧಾನದಲ್ಲಿ ಅಡ್ಡಿಯಿಲ್ಲ, ಜಿಎಸ್‌ಟಿ ಮಂಡಳಿ ಶಿಫಾರಸು ಮಾಡಿದರೆ ಸಾಕು. ಕೇಂದ್ರಕ್ಕೂ ರಾಜ್ಯಗಳಿಗೂ ಇದು ಕೈಗೆ ಸುಲಭವಾಗಿ ಸಿಗುವ ವರಮಾನವಾದ್ದರಿಂದ 2017ರಿಂದ ಇಬ್ಬರೂ ಒಬ್ಬರತ್ತ ಇನ್ನೊಬ್ಬರು ಬೆರಳು ತೋರಿಸುತ್ತ ಬಂದರು. ಒಮ್ಮೆಗೇ ಸಾಧ್ಯವಿಲ್ಲದಿದ್ದರೆ ಹಂತಹಂತವಾಗಿಯಾದರೂ ಇಳಿಸಬೇಕು.

ಎರಡನೆಯದಾಗಿ, ಇಳಿದ ತೆರಿಗೆಯ ಕಾವಲು. ತೆರಿಗೆ ಇಳಿದಾಗ ಬೆಲೆ ಇಳಿಸದ ಕಂಪೆನಿಗಳ ವಿರುದ್ಧ ಜಿಎಸ್‌ಟಿ ಕಾನೂನಿನಲ್ಲಿ ಅತಿಲಾಭ ತಡೆಯ ವ್ಯವಸ್ಥೆ ಇತ್ತು. 2025ರ ಏಪ್ರಿಲ್ 1ರಿಂದ ಅದರಲ್ಲಿ ಹೊಸ ದೂರು ಸ್ವೀಕರಿಸುವುದನ್ನು ನಿಲ್ಲಿಸಲಾಯಿತು. ಐದೂವರೆ ತಿಂಗಳ ನಂತರ ಅತಿದೊಡ್ಡ ದರ ಇಳಿಕೆ ಬಂತು. ಕಾವಲುಗಾರನನ್ನು ಮನೆಗೆ ಕಳುಹಿಸಿ ಬಾಗಿಲು ತೆರೆದಂತಾಯಿತು! ಗ್ರಾಹಕರಿಗೆ ಉಳಿದದ್ದು 1915 ಎಂಬ ರಾಷ್ಟ್ರೀಯ ಸಹಾಯವಾಣಿ ಮತ್ತು ತಮ್ಮದೇ ಎಚ್ಚರ.

ಮೂರನೆಯದಾಗಿ, ರೀಚಾರ್ಜ್ ಮತ್ತು ಬಟ್ಟೆ ಒಗೆಯುವ ಪುಡಿ. ಪಡಿತರದ ಓಟಿಪಿಯಿಂದ ಹಿಡಿದು ಮಗುವಿನ ಪಾಠದವರೆಗೆ ಎಲ್ಲವೂ ಮೊಬೈಲಿಗೆ ಬಂದ ಮೇಲೆ ಅದನ್ನು ಶೌಕಿಯ ವಸ್ತುವಿನಂತೆ ಕಾಣುವುದು ನ್ಯಾಯವಲ್ಲ.

ನಾಲ್ಕನೆಯದು ಮತ್ತು ಮುಖ್ಯವಾದದ್ದು, ಲೆಕ್ಕ ಕೇಳುವುದು. ನಗರಸಭೆಯ ಬಜೆಟ್ಟು, ಗ್ರಾಮಸಭೆಯ ಖರ್ಚಿನ ಪಟ್ಟಿ ಯಾರೂ ಓದದ ಕಾಗದಗಳಾಗಿವೆ. 'ನಾವು ತೆರಿಗೆ ಕಟ್ಟುವವರಲ್ಲ' ಎಂದು ನಂಬಿರುವ ಜನ ಲೆಕ್ಕ ಕೇಳಲು ಹೋಗುವುದಿಲ್ಲ. ಕೊಟ್ಟದ್ದನ್ನೇ ಅರಿಯದವರು ಸಿಕ್ಕಿದ್ದನ್ನು ಭಿಕ್ಷೆ ಎಂದೇ ತಿಳಿಯುತ್ತಾರೆ.

ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥವನ್ನು ಇಲ್ಲಿ ನೆನೆಯದಿರಲಾಗದು. 1938ರ ಏಪ್ರಿಲ್ 25ರಂದು ಅಲ್ಲಿ ಧ್ವಜ ಹಾರಿಸಲು ಸೇರಿದ್ದ ಹಳ್ಳಿಗರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಅನೇಕರು ಪ್ರಾಣ ತೆತ್ತರು. ಆ ದಿನಗಳಲ್ಲಿ ಮೈಸೂರು ಸಂಸ್ಥಾನದ ಜನ ಕೇಳುತ್ತಿದ್ದದ್ದು 'ಜವಾಬ್ದಾರಿ ಸರಕಾರ'. ಎಂಥ ಅರ್ಥಪೂರ್ಣ ಹೆಸರು! ಜನರಿಂದ ಪಡೆದದ್ದಕ್ಕೆ ಜನರಿಗೆ ಉತ್ತರ ಹೇಳುವ ಸರಕಾರ. ಆ ಹಳ್ಳಿಗರ ಮೊಮ್ಮಕ್ಕಳು ಇಂದು ದಿನಕ್ಕೆ ಹತ್ತು ಸಲ ಸರಕಾರಕ್ಕೆ ಹಣ ಕೊಡುತ್ತಾರೆ. ರಶೀದಿ ಮಾತ್ರ ಸಿಗುವುದಿಲ್ಲ.

ಓದುಗ ಮಿತ್ರರೇ, ಈ ತಿಂಗಳ ಕೊನೆಗೆ ಒಮ್ಮೆ ನಿಮ್ಮ ಮನೆಯ ಬಿಲ್ಲುಗಳನ್ನು ಮೇಜಿನ ಮೇಲೆ ಹರಡಿ ಕುಳಿತುಕೊಳ್ಳಿ. ತೆರಿಗೆಯ ಸಾಲುಗಳನ್ನು ಮಕ್ಕಳಿಂದ ಕೂಡಿಸಿ. ಬಂದ ಮೊತ್ತವನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಮುಂದಿನ ಸಲ ಮತ ಕೇಳಲು ಬಂದವರ ಕೈಗೆ ಕೊಡಿ. ಸುಂಕದವನ ಮುಂದೆ ಸುಖ-ದುಃಖ ಹೇಳಿ ಪ್ರಯೋಜನವಿಲ್ಲದಿರಬಹುದು. ಆದರೆ ಲೆಕ್ಕ ಕೇಳಬಹುದಲ್ಲವೇ?